ಬಳ್ಳಿಗೆ ಕಟ್ಟಿದ ದಾರ



ಹಬ್ಬಕ್ಕೆಂದು ಬಂದಿದ್ದ ನಮ್ಮ ದೊಡ್ಡಮ್ಮ ರಾತ್ರಿ ನನ್ನ ಮಗಳ ಮುಖ ನೋಡಿ, “ಇದೇನೇ, ಹುಡುಗಿಗೆ ಕುದುರೆ ಹಾಗೆ ಲಗಾಮು ಹಾಕಿಸಿದ್ದೀಯ! ಮುಖದ ಮೂಳೆ ಸೊಟ್ಟಗಾದರೆ ನಾಳೆ ಯಾರು ಮದುವೆ ಆಗ್ತಾರೆ?” ಎಂದುಬಿಟ್ಟರು. ಪುಟ್ಟಿ ಅಳುತ್ತಾ ಒಳಗೆ ಓಡಿದಳು. ನನ್ನ ಎದೆಯೂ ಧಸಕ್ಕೆಂದಿತು. ಇದೇ ಚಿಂತೆ ನಿಮ್ಮಲ್ಲಿ ಕೆಲವರಿಗೂ ಇರಬಹುದು. ಅದಕ್ಕೇ ಈ ಸಲ ಒಲೆ ಆರಿಸಿ, ಹಲ್ಲಿನ ಮಾತು.

ಪುಟ್ಟಿಗೆ ಈಗ 11 ವರ್ಷ. ಮೇಲಿನ ಹಲ್ಲು ಮುಂದಕ್ಕೆ ಬಂದು ತುಟಿ ಕೂಡುತ್ತಿರಲಿಲ್ಲ. ದಾವಣಗೆರೆಯ ಹಲ್ಲಿನ ಡಾಕ್ಟರು ನೋಡಿ ಹೆಡ್‌ಗಿಯರ್ ಹಾಕಿದರು. ಮೇಲಿನ ದವಡೆಹಲ್ಲಿಗೆ ಸಿಕ್ಕಿಸಿದ ತಂತಿಯ ಬಿಲ್ಲು, ಅದನ್ನು ಹಿಂದಕ್ಕೆ ಎಳೆಯುವ ಪಟ್ಟಿ, ಇಷ್ಟೇ. ಸಂಜೆಯಿಂದ ಬೆಳಗಿನವರೆಗೆ 12ರಿಂದ 14 ಗಂಟೆ ಹಾಕಿಕೊಳ್ಳಬೇಕು.

ದೊಡ್ಡಮ್ಮನ ಮಾತು ಕೇಳಿದ ಮೇಲೆ ನಾನೊಂದು ತಪ್ಪು ಮಾಡಿದೆ. ಬೇಗ ಮುಗಿದರೆ ಸಾಕು ಎಂದು ಪಟ್ಟಿಯನ್ನು ಎರಡು ತೂತು ಬಿಗಿ ಮಾಡಿದೆ. ಮೂರನೇ ದಿನಕ್ಕೆ ಮಗು ರೊಟ್ಟಿ ಅಗಿಯಲಾರದೆ ತಟ್ಟೆ ಸರಿಸಿತು. ಮರುದಿನವೇ ಬಸ್ಸು ಹತ್ತಿದೆವು.

ಡಾಕ್ಟರು ಬೈಯಲಿಲ್ಲ. “ಅಮ್ಮಾ, ಮಲ್ಲಿಗೆ ಬಳ್ಳೀನ ಚಪ್ಪರಕ್ಕೆ ಹೇಗೆ ಹಬ್ಬಿಸ್ತೀರಿ? ಜಗ್ಗಿ ಎಳೀತೀರಾ?” ಎಂದು ಕೇಳಿದರು. ಇಲ್ಲವಲ್ಲ! ಸಡಿಲವಾಗಿ ದಾರ ಕಟ್ಟಿ ಬಿಡುತ್ತೇವೆ, ಬಳ್ಳಿ ತಾನೇ ಬೆಳೆದು ಅತ್ತ ತಿರುಗುತ್ತದೆ. ಮೂಳೆಯೂ ಹಾಗೆಯೇ ಅಂತೆ. ಹಲ್ಲಿನ ಬೇರಿಗೂ ಮೂಳೆಗೂ ನಡುವೆ ತೆಳುವಾದ ಪೊರೆ ಇದೆ. ಹದವಾಗಿ ಒತ್ತಿದರೆ ಒತ್ತಿದ ಕಡೆ ಮೂಳೆ ಕರಗುತ್ತದೆ, ಇನ್ನೊಂದು ಕಡೆ ಹೊಸದು ಕಟ್ಟುತ್ತದೆ, ಹಲ್ಲು ಮೆಲ್ಲಗೆ ಸರಿಯುತ್ತದೆ. ಅತಿಯಾಗಿ ಒತ್ತಿದರೆ ಆ ಪೊರೆಯಲ್ಲಿ ರಕ್ತ ಓಡಾಟವೇ ನಿಂತು ಹಲ್ಲು ಅಲ್ಲೇ ತಡೆಯುತ್ತದೆ. ಬೇರು ಸವೆಯುವ ಭಯವೂ ಇದೆ. ನನ್ನ ಅವಸರದಿಂದ ಆದದ್ದು ನೋವು ಮಾತ್ರ!

ಮೇಲ್ದವಡೆ ತಲೆಯ ಬೇರೆ ಮೂಳೆಗಳಿಗೆ ಹೊಲಿಗೆಯಂಥ ಸಂದುಗಳಲ್ಲಿ ಸೇರಿಕೊಂಡಿದೆ. ಬೆಳೆಯುವ ವಯಸ್ಸಿನಲ್ಲಿ ಆ ಸಂದುಗಳಲ್ಲಿ ಹೊಸ ಮೂಳೆ ಬಂದು ದವಡೆ ಕೆಳಕ್ಕೂ ಮುಂದಕ್ಕೂ ಬೆಳೆಯುತ್ತದೆ. ಒಂದೊಂದು ಕಡೆಗೆ ಸಾಮಾನ್ಯವಾಗಿ 350ರಿಂದ 500 ಗ್ರಾಮಿನಷ್ಟು ಎಳೆತ ಕೊಟ್ಟರೆ ಮುಂದಿನ ಬೆಳವಣಿಗೆ ಸ್ವಲ್ಪ ತಡೆಯುತ್ತದೆ. ಅಷ್ಟರಲ್ಲಿ ಕೆಳದವಡೆ ಬೆಳೆದು ಜೊತೆಗೂಡುತ್ತದೆ. ಮುಖವನ್ನು ಯಾರೂ ಹಿಂದಕ್ಕೆ ಎಳೆಯುತ್ತಿಲ್ಲ, ತಿಳಿಯಿತಲ್ಲ? ಎಷ್ಟು ಗುಣವಾಗುತ್ತದೆ ಎನ್ನುವುದು ಮಾತ್ರ ಮಗುವಿನಿಂದ ಮಗುವಿಗೆ ಬೇರೆ.

ಎಳೆಯುವ ದಿಕ್ಕೂ ಮುಖ್ಯ. ಕತ್ತಿನ ಹಿಂದಿನ ಪಟ್ಟಿ ದವಡೆಹಲ್ಲನ್ನು ಸ್ವಲ್ಪ ಕೆಳಗಿಳಿಸುತ್ತದೆ. ಆಗ ಕೆಳದವಡೆ ಕೆಳಕ್ಕೂ ಹಿಂದಕ್ಕೂ ತಿರುಗಿ ಮುಖ ಉದ್ದವಾಗಬಹುದು. ಆದ್ದರಿಂದ ಮೊದಲೇ ಉದ್ದ ಮುಖದ ಮಕ್ಕಳಿಗೆ ನೆತ್ತಿಯ ಮೇಲಿಂದ ಪಟ್ಟಿ ಹಾಕುತ್ತಾರೆ. ಅಕ್ಕನ ಮಗಳಿಗೆ ಹಾಕಿದ್ದನ್ನು ನಿಮ್ಮ ಮಗಳಿಗೂ ಕೇಳಬೇಡಿ! ಈಗ ಬೇರೆ ಸಾಧನಗಳೂ ಬಂದು ಇದರ ಬಳಕೆ ಮೊದಲಿಗಿಂತ ಕಡಿಮೆಯಾಗಿದೆ. ಯಾವುದು ಸರಿ ಎಂದು ಡಾಕ್ಟರೇ ಹೇಳಬೇಕು.

ನೆನಪಿಡಬೇಕಾದ ನಾಲ್ಕು ಮಾತು:

1. ಪಟ್ಟಿಯನ್ನು ನೀವಾಗಿ ಬಿಗಿ ಮಾಡಬೇಡಿ, ಸಡಿಲವನ್ನೂ ಮಾಡಬೇಡಿ.

2. ಆಟವಾಡುವಾಗ ಖಂಡಿತ ಬೇಡ. ತಂತಿ ಚಿಮ್ಮಿ ಕಣ್ಣಿಗೆ ಪೆಟ್ಟಾದದ್ದುಂಟು. ತಾನೇ ಬಿಚ್ಚಿಕೊಳ್ಳುವ ಸುರಕ್ಷಿತ ಪಟ್ಟಿ ಇದೆಯೇ ಎಂದು ಕೇಳಿ.

3. ತೆಗೆಯುವಾಗ ಮೊದಲು ಪಟ್ಟಿ, ಆಮೇಲೆ ತಂತಿ.

4. ಒಂದೆರಡು ದಿನದ ನೋವು ಸಹಜ. ಹೆಚ್ಚಾದರೆ, ಹಲ್ಲು ಅಲುಗಾಡಿದರೆ ಡಾಕ್ಟರಿಗೆ ತೋರಿಸಿ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಹಿರಿಯರು ಹೇಳಿದ್ದು ಬುದ್ಧಿಗೆ ಮಾತ್ರವಲ್ಲ, ಮೂಳೆಗೂ ಸರಿ. ಆದರೆ ಗಿಡವನ್ನು ಬಗ್ಗಿಸಬೇಕು, ಮುರಿಯಬಾರದು.

ಊರಿಗೆ ಬಂದ ಮೇಲೆ ಪುಟ್ಟಿಗೆ, “ತಪ್ಪು ನಂದೇ ಕಣೇ” ಎಂದೆ. ಅವಳು ಪಟ್ಟಿ ಕೈಗೆತ್ತಿಕೊಂಡು, “ಅಮ್ಮಾ, ಇನ್ಮೇಲೆ ತೂತು ನಾನೇ ಎಣಿಸ್ತೀನಿ” ಎಂದಳು. ಈಗ ರಾತ್ರಿ ಅವಳೇ ಹಾಕಿಕೊಳ್ಳುತ್ತಾಳೆ. ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ, ಅಷ್ಟೆ.