ಬೋಳುಗುಡ್ಡದ ಹಾಡುಗಾರ

ಮಂಡ್ಯ ಜಿಲ್ಲೆಯ ಹಕ್ಕಿಗಳೆಂದೊಡನೆ ಶ್ರೀರಂಗಪಟ್ಟಣದ ರಂಗನತಿಟ್ಟು ನೆನಪಾಗುವುದು ಸಹಜ. ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಪಕ್ಷಿಧಾಮವಾದ ಆ ನಡುಗಡ್ಡೆಗಳು 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿದವು. ಆದರೆ ಅಲ್ಲಿ ದೋಣಿಯಿಂದ ನೋಡುವ ಬಣ್ಣದ ಕೊಕ್ಕರೆಗೆ ಹಾಡು ಬಾರದು. ಗೂಡಿನಲ್ಲಿ ಕೊಕ್ಕುಗಳನ್ನು ಕಟಕಟನೆ ಬಡಿಯುವುದೇ ಅದರ ಮಾತು. ಹಾಡುವ ಹಕ್ಕಿಗಳಿರುವುದು ಟಿಕೆಟ್ಟಿಲ್ಲದ ಜಾಗಗಳಲ್ಲಿ. ನಾಲೆಯಂಚಿನ ಕಬ್ಬಿನಲ್ಲಿ ಉಲಿಯಕ್ಕಿ, ನಾಗಮಂಗಲದ ರಾಗಿ ಹೊಲಗಳಲ್ಲಿ ಮೇಲೇರಿ ಹಾಡುತ್ತಲೇ ಕೆಳಗಿಳಿಯುವ ನೆಲಗುಬ್ಬಿ, ಹಿತ್ತಲ ಮರದ ತುದಿಯಲ್ಲಿ ಬೆಳಕು ಹರಿಯುವ ಮುನ್ನವೇ ಸಿಳ್ಳೆ ಹಾಕುವ ಮಡಿವಾಳ ಹಕ್ಕಿ.

ಇವೆಲ್ಲಕ್ಕಿಂತ ಮುಖ್ಯವಾಗಿ ಅರಿಯಬೇಕಾದ ಹಕ್ಕಿಯೊಂದು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಬಂಡೆಗುಡ್ಡಗಳಲ್ಲಿದೆ. ಅದು ಹಳದಿ ಕೊರಳಿನ ಪಿಕಳಾರ. ದಕ್ಷಿಣ ಭಾರತದ ಕಲ್ಲುಗುಡ್ಡಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಇದಕ್ಕೆ ನೆಲೆಯಿಲ್ಲ. ಅಳಿವಿನ ಅಪಾಯವುಳ್ಳ ಜೀವಿಗಳ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದರ ಹೆಸರಿದೆ. ಮೇಲುಕೋಟೆ ಅಭಯಾರಣ್ಯವನ್ನು 1974ರಲ್ಲಿ ಘೋಷಿಸಿದ್ದು ತೋಳಗಳಿಗಾಗಿ. ಹಕ್ಕಿಗೆ ಆಶ್ರಯ ದೊರೆತದ್ದು ತೋಳನ ಪುಣ್ಯದಿಂದ ಎನ್ನಬೇಕು!

ಅದೇ ಕುರುಚಲಿನಲ್ಲಿ ಬೇರೆ ಪಿಕಳಾರಗಳೂ ಇರುವುದು ಗುರುತಿಸುವವರಿಗೆ ತೊಡಕು. ಕಪ್ಪು ತಲೆಯ, ಬಾಲದ ಬುಡದಲ್ಲಿ ಕೆಂಪುಳ್ಳದ್ದು ಊರಿನ ಹಕ್ಕಿ. ಅದನ್ನು ಎಲ್ಲರೂ ಬಲ್ಲರು. ಬಿಳಿಹುಬ್ಬಿನದು ಮಾಸಲು ಹಸಿರು ಬಣ್ಣದ್ದು. ಪೊದೆಯೊಳಗೆ ಅವಿತು, ಗಡಿಗೆಯ ನೀರನ್ನು ಒಮ್ಮೆಗೇ ಸುರಿದಂತೆ ಉಲಿದು ಸುಮ್ಮನಾಗುತ್ತದೆ. ಹಳದಿ ಕೊರಳಿನದಕ್ಕೆ ಜುಟ್ಟೂ ಇಲ್ಲ, ಬಿಳಿ ಹುಬ್ಬೂ ಇಲ್ಲ. ತಲೆ, ಕೊರಳು ಹಳದಿ, ಎದೆ ಬೂದು, ಬಾಲದ ಬುಡ ಮತ್ತೆ ಹಳದಿ. ಬಹಳ ಸಂಕೋಚದ ಜೀವಿ, ಬಂಡೆಯ ಸಂದಿನ ಗಿಡಗಳಲ್ಲಿ ತಟ್ಟನೆ ಮರೆಯಾಗುತ್ತದೆ. ದನಿಯು ಉಳಿದ ಪಿಕಳಾರಗಳನ್ನು ನೆನಪಿಸುವುದರಿಂದ ಕಿವಿಗೆ ಬಿದ್ದದ್ದನ್ನು ಕಣ್ಣು ದೃಢಪಡಿಸುವವರೆಗೆ ಕಾಯಬೇಕು. ಧ್ವನಿ ಕೇಳಿ ಹೆಸರು ಸೂಚಿಸುವ ಮೊಬೈಲ್ ತಂತ್ರಾಂಶಗಳೂ ಇಲ್ಲಿ ತಪ್ಪಬಲ್ಲವು.

ಈ ಕಲಿಕೆಗೆ ಅವಸರವಿದೆ. ಕಲ್ಲಿನ ಗುತ್ತಿಗೆಗೆ ಅರ್ಜಿ ಬಂದಾಗ ಇಂಥ ಗುಡ್ಡ ಕಡತದಲ್ಲಿ ಬರಿಯ ‘ಖರಾಬು’. ಬೇಬಿ ಬೆಟ್ಟದ ಕಲ್ಲುಗಣಿಗಳ ವಿವಾದ ವರ್ಷಗಟ್ಟಲೆ ನಡೆದು, 2024ರ ಜನವರಿಯಲ್ಲಿ ಹೈಕೋರ್ಟ್ ಕೃಷ್ಣರಾಜಸಾಗರದ ಸುತ್ತ 20 ಕಿಲೋಮೀಟರ್ ವ್ಯಾಪ್ತಿಯಲ್ಲಿ ಗಣಿಗಾರಿಕೆಯನ್ನು ನಿಷೇಧಿಸಿತು. ಅಲ್ಲಿ ವಾದ ನಿಂತದ್ದು ಅಣೆಕಟ್ಟೆಯ ಸುರಕ್ಷತೆಯ ಮೇಲೆ. ಹತ್ತಿರದಲ್ಲಿ ಅಣೆಕಟ್ಟೆಯಿಲ್ಲದ ಕೆ.ಆರ್. ಪೇಟೆ, ನಾಗಮಂಗಲದ ಗುಡ್ಡಗಳ ಪರವಾಗಿ ಏನನ್ನು ಮಂಡಿಸುವುದು? ಯಾವ ಗುಡ್ಡದಲ್ಲಿ ಯಾವ ಹಕ್ಕಿ ಯಾವ ದಿನ ಕೂಗಿತೆಂಬ ದಾಖಲೆ ಊರವರ ಕೈಯಲ್ಲಿದ್ದರೆ ಆ ನೆಲ ಬರಡೆಂಬ ಮಾತಿಗೆ ಉತ್ತರ ಸಿಗುತ್ತದೆ. ಎಳೆಹುಲ್ಲಿಗಾಗಿ ಬೇಸಿಗೆಯಲ್ಲಿ ಬೆಂಕಿಯಿಡುವ ಅಭ್ಯಾಸವನ್ನೂ, ಬೋಳುಗುಡ್ಡವನ್ನು ಹಸಿರಾಗಿಸುವ ಉತ್ಸಾಹದಲ್ಲಿ ಅಕೇಶಿಯ ನೆಡುವುದನ್ನೂ ಇದೇ ದಾಖಲೆಯ ಮುಂದಿಟ್ಟು ಪ್ರಶ್ನಿಸಬಹುದು. ಪಿಕಳಾರಕ್ಕೆ ಹಣ್ಣು, ಹುಳು ದೊರೆಯುವುದು ಕುರುಚಲಿನಲ್ಲಿಯೇ.

ದುಬಾರಿ ದುರ್ಬೀನು ಇಲ್ಲದೆಯೂ ಆರಂಭಿಸಬಹುದು. ವಿದ್ಯಾರ್ಥಿಗಳು ಒಂದು ನೋಟ್‌ಬುಕ್ ಹಿಡಿದು, ಬೆಳಗಿನ ಮೊದಲ ಗಂಟೆಯಲ್ಲಿ, ಮೇಕೆ ಮೇಯಿಸುವ ಹಿರಿಯರೊಡನೆ ಗುಡ್ಡವೇರಲಿ. ಅವರ ಕಿವಿ ಬಲ್ಲ ದನಿಗಳಿಗೆ ಇವರು ಪುಸ್ತಕದ ಹೆಸರುಗಳನ್ನು ಹೊಂದಿಸಲಿ. ಮೊದಲು ಊರಿನ ಪಿಕಳಾರದ ಉಲಿಯನ್ನು ಗಟ್ಟಿಮಾಡಿಕೊಂಡರೆ ಬೇರೆಯದು ಕಿವಿಗೆ ಬಿದ್ದಾಗ ತಿಳಿಯುತ್ತದೆ. ದಿನಾಂಕ, ಗುಡ್ಡದ ಹೆಸರು, ಕೂತ ಗಿಡ ಇಷ್ಟನ್ನು ಬರೆದುಕೊಂಡರೆ ಸಾಕು. ಧ್ವನಿಮುದ್ರಿಕೆ ನುಡಿಸಿ ಹಕ್ಕಿಯನ್ನು ಕರೆಯುವುದು ಸಲ್ಲದು. ಗೂಡು ಕಂಡರೆ ದೂರದಿಂದಲೇ ಹಿಂದಿರುಗಿ, ಜಾಗವನ್ನು ಯಾರಿಗೂ ಹೇಳದಿರುವುದು ಲೇಸು.