ಗರ ಬೀಳೋಕೆ ಮುಂಚೆ ಕೇಳಿ

ಚೌಕಾಬಾರ ಆಡಿದವರಿಗೆಲ್ಲ ಗೊತ್ತಿರುವ ಒಂದು ಜಗಳ ಇದೆ. ಒಳಸುತ್ತಿಗೆ ಹೋಗಬೇಕಂದ್ರೆ ಎದುರಾಳಿಯ ಒಂದು ಕಾಯನ್ನಾದರೂ ಹೊಡೆದಿರಬೇಕು. ಸರಿ, ಇದು ಎಲ್ಲರೂ ಒಪ್ಪೋ ಮಾತು. ಆದರೆ ಒಂದು ಸಲ ಹೊಡೆದರೆ ನನ್ನ ನಾಲ್ಕೂ ಕಾಯಿಗೆ ದಾರಿ ಬಿಟ್ಟ ಹಾಗಾ? ಇಲ್ಲಾ ಹೊಡೆದ ಕಾಯಿ ಒಂದಕ್ಕೇನಾ? ಮೂರು ಸಲ ಸಾಲಾಗಿ ಚೌಕ ಬಿದ್ದರೆ ಮೂರೂ ಸುಟ್ಟು ಹೋಯ್ತಾ, ಮೂರನೆಯದು ಮಾತ್ರ ಹೋಯ್ತಾ? ಜೋಡಿ ಕಾಯಿ ಕೂತಿರೋ ಮನೆಯನ್ನ ಒಂಟಿ ಕಾಯಿ ದಾಟಬಹುದಾ?

ಈ ಪ್ರಶ್ನೆಗಳಿಗೆ ಸಿಗೋ ಉತ್ತರ ಒಂದೇ: "ನಮ್ಮನ್ಯಾಗ ಹಂಗಾಡಂಗಿಲ್ಲ!"

ನಮ್ಮ ಹಚ್ಚೊಳ್ಳಿ ಕಡೆ ಇದು ಇನ್ನೂ ಸ್ವಲ್ಪ ಜಾಸ್ತಿ. ಸಿರುಗುಪ್ಪ ತಾಲೂಕು, ಪಕ್ಕದಲ್ಲೇ ಆಂಧ್ರ. ಆದೋನಿ ಕಡೆಯಿಂದ ಸೊಸೆಯಾಗಿ ಬಂದವರು ಇದೇ ಆಟಕ್ಕೆ ಅಷ್ಟಾಚಮ್ಮ ಅಂತಾರೆ. ನಾಲ್ಕು ಕವಡೆಯೂ ಬಾಯಿ ಮೇಲಾಗಿ ಬಿದ್ದರೆ ನಮಗೆ ಚೌಕ, ಅವರಿಗೆ ಚಮ್ಮ. ನಾಲ್ಕೂ ಬೋರಲಾಗಿ ಬಿದ್ದರೆ ಎಂಟು, ನಮಗೆ ಬಾರ, ಅವರಿಗೆ ಅಷ್ಟ. ಮನೆ ಅದೇ ಐದು ಬೈ ಐದು, ಕವಡೆ ಅವೇ ನಾಲ್ಕು. ಆದರೆ ಸೊಸೆಯ ಜೊತೆಗೆ ತವರಿನ ನಿಯಮವೂ ಬಂದಿರುತ್ತೆ :) ಭತ್ತದ ಕೊಯ್ಲು ಮುಗಿದು ಕೈ ಬಿಡುವಾದಾಗ ಕಟ್ಟೆ ಮೇಲೆ ಆಟ ಹೂಡಿದರೆ ಮೊದಲ ಕಾಯಿ ಹಣ್ಣಾಗೋ ಹೊತ್ತಿಗೆ ದನಿ ಏರಿರುತ್ತೆ.

ಇದಕ್ಕೆ ಕಾರಣ ಸರಳ. ನಮ್ಮವರು ಮನೆ ಕೊರೆದರು, ನಿಯಮ ಬರೆಯಲಿಲ್ಲ. ಹಂಪಿಗೆ ಹೋದಾಗ ಕಂಬಗಳನ್ನ ನೋಡೋದು ಬಿಟ್ಟು ಒಮ್ಮೆ ನೆಲ ನೋಡಿ. ಮಂಟಪಗಳ ಹಾಸುಗಲ್ಲಿನ ಮೇಲೆ ಆಟದ ಮನೆಗಳು ಕೊರೆದಿರೋದು ಕಾಣುತ್ತೆ. (ಹಂಪಿ 2021ರಿಂದ ವಿಜಯನಗರ ಜಿಲ್ಲೆಗೆ ಸೇರಿದೆ, ಬಳ್ಳಾರಿ ಜಿಲ್ಲೆ ಅಂತ ಬರೆಯೋ ರೂಢಿ ನನಗಿನ್ನೂ ಹೋಗಿಲ್ಲ.) ಕಲ್ಲು ಉಳಿದಿದೆ. ಆ ಕಲ್ಲಿನ ಮೇಲೆ ಕೂತವರು ಜೋಡಿ ಕಾಯಿಯನ್ನ ಹೇಗೆ ಹೊಡೀತಿದ್ರು ಅನ್ನೋದು ಕಲ್ಲಿನಲ್ಲಿಲ್ಲ.

ಈಗ ಇದಕ್ಕೆ ಪೂರ್ತಿ ಉಲ್ಟಾ ಇರೋ ಒಂದು ಆಟ ನೋಡಿ. ಡಂಜನ್ಸ್ ಅಂಡ್ ಡ್ರಾಗನ್ಸ್. 1974ರಲ್ಲಿ ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಅನ್ನೋ ಇಬ್ಬರು ಹೊರತಂದದ್ದು. ನಾಲ್ಕೈದು ಜನ ಮೇಜಿನ ಸುತ್ತ ಕೂತು ಒಬ್ಬ ಮಾಂತ್ರಿಕ, ಒಬ್ಬ ಕತ್ತಿವೀರ, ಒಬ್ಬ ಕಳ್ಳ ಅಂತ ವೇಷ ಹಂಚಿಕೊಂಡು, ಬಾಯಲ್ಲೇ ಕತೆ ಕಟ್ಟುತ್ತಾ ಆಡೋ ಆಟ. ಕತೆ ನಡೆಸೋನು ಡಂಜನ್ ಮಾಸ್ಟರ್. ಭಾಗವತರಂತೆ ಅಂದುಕೊಳ್ಳಿ, ರಾಕ್ಷಸರ ಪಾತ್ರಗಳೂ ಅವನವೇ. ಏಟು ತಾಗಿತೋ ಇಲ್ಲವೋ ಅನ್ನೋದನ್ನ ಇಪ್ಪತ್ತು ಮುಖದ ದಾಳ ಹೇಳುತ್ತೆ. ನಿಯಮಗಳು ದಪ್ಪ ದಪ್ಪ ಪುಸ್ತಕಗಳಲ್ಲಿ ಇವೆ, ನೂರಾರು ಪುಟ.

ಹಾಗಾದ್ರೆ ಅಲ್ಲಿ ಜಗಳ ಇಲ್ಲವಾ? ಬೇಜಾನ್ ಇದೆ! ಎಷ್ಟರ ಮಟ್ಟಿಗೆ ಅಂದ್ರೆ 'ಡ್ರ್ಯಾಗನ್' ಪತ್ರಿಕೆಯಲ್ಲಿ 'ಸೇಜ್ ಅಡ್ವೈಸ್' ಅಂತ ಒಂದು ಅಂಕಣವೇ ಇತ್ತು, ಓದುಗರ ನಿಯಮದ ಗೊಂದಲಗಳಿಗೆ ಉತ್ತರ ಕೊಡೋಕೆ. ಸ್ಕಿಪ್ ವಿಲಿಯಮ್ಸ್ ಅನ್ನೋರು ಬಹಳ ವರ್ಷ ಅದನ್ನ ನಡೆಸಿದರು. ಆಮೇಲೆ ಆ ಕೆಲಸ ಜೆರೆಮಿ ಕ್ರಾಫರ್ಡ್ ಅವರಿಗೆ ಬಂತು.

ಒಂದು ಉದಾಹರಣೆ ಕೊಡ್ತೀನಿ, ಮಜವಾಗಿದೆ. 2014ರ ಪುಸ್ತಕದಲ್ಲಿ ಅದೃಶ್ಯನಾದವನ ಬಗ್ಗೆ ಎರಡು ಸಾಲು ಇದ್ದವು. ಒಂದು, ಅವನನ್ನ ಮಂತ್ರವೋ ವಿಶೇಷ ದೃಷ್ಟಿಯೋ ಇಲ್ಲದೆ ನೋಡೋಕಾಗಲ್ಲ. ಎರಡು, ಅವನ ಮೇಲೆ ಏಟು ಹಾಕೋನು ಎರಡು ದಾಳ ಉರುಳಿಸಿ ಕಮ್ಮಿ ಬಿದ್ದದ್ದನ್ನ ತಗೋಬೇಕು. ಈಗ ನಾನು ಅದೃಶ್ಯರನ್ನ ಕಾಣೋ ಮಂತ್ರ ಹಾಕಿಕೊಂಡೆ. ಅವನು ನನ್ನ ಕಣ್ಣಿಗೆ ನಿಚ್ಚಳವಾಗಿ ಕಾಣ್ತಿದ್ದಾನೆ. ಆಗಲೂ ನನಗೆ ಕಮ್ಮಿ ಬಿದ್ದ ದಾಳವೇನಾ? ಅಕ್ಷರಶಃ ಓದಿದರೆ ಹೌದು, ಎರಡನೇ ಸಾಲು ಮೊದಲನೇ ಸಾಲನ್ನ ಅವಲಂಬಿಸಿಲ್ಲ ಅಂತ ಕ್ರಾಫರ್ಡ್ ಹೇಳಿಬಿಟ್ಟರು! ಪುಸ್ತಕದಲ್ಲಿದ್ದ ಪದದ ಪ್ರಕಾರ ಅದು ಸರಿ. ಎಷ್ಟೋ ಜನ ನಕ್ಕು, ತಮ್ಮ ಮೇಜಿನಲ್ಲಿ ತಮಗೆ ಸರಿ ಕಂಡಂತೆ ಆಡಿದರು. ಕೊನೆಗೆ 2024ರ ಪುಸ್ತಕದಲ್ಲಿ, ನೋಡಬಲ್ಲವನ ಎದುರು ಅದೃಶ್ಯನಿಗೆ ಆ ಅನುಕೂಲ ಇಲ್ಲ ಅಂತ ಸೇರಿಸಿದರು. ಒಂದು ವಾಕ್ಯಕ್ಕೆ ಹತ್ತು ವರ್ಷ.

ಅಂದ್ರೆ ಬರೆದರೂ ಜಗಳ, ಬರೆಯದಿದ್ದರೂ ಜಗಳ. ಹಾಗಂತ ಎರಡೂ ಒಂದೇ ಅಲ್ಲ. ನನಗೆ ಕಂಡ ಹಾಗೆ ನಿಯಮದ ತೊಡಕು ಮೂರು ಥರ.

ಮೊದಲನೆಯದು, ನಿಯಮವೇ ಇಲ್ಲದ್ದು ಅಥವಾ ಒಬ್ಬೊಬ್ಬರಿಗೆ ಒಂದೊಂದು ಇರೋದು. ಚೌಕಾಬಾರದ ಜಗಳಗಳು ಹೆಚ್ಚಾಗಿ ಇವೇ. ಎರಡನೆಯದು, ನಿಯಮ ಇದೆ, ಆದರೆ ಅದರ ಪದ ಒಂದು ಹೇಳುತ್ತೆ, ಉದ್ದೇಶ ಇನ್ನೊಂದು ಹೇಳುತ್ತೆ. ಅದೃಶ್ಯನ ಕತೆ ಇದು.

ಮೂರನೆಯದು ಅಪಾಯದ್ದು. ನಿಯಮವನ್ನ ಬೇಕಂತಲೇ ಹಿಂಡಿ ಅದರಲ್ಲಿಲ್ಲದ್ದನ್ನ ತೆಗೆಯೋದು. ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಇದಕ್ಕೆ ಒಂದು ಹಳೇ ಜೋಕ್ ಇದೆ. ಅಲ್ಲಿ ಯುದ್ಧದ ಒಂದು ಸುತ್ತು ಅಂದ್ರೆ ಆರು ಸೆಕೆಂಡು, ಅಷ್ಟರಲ್ಲಿ ಎಲ್ಲರಿಗೂ ಒಂದೊಂದು ಸರದಿ. ಹಚ್ಚೊಳ್ಳಿಯಿಂದ ಸಿರುಗುಪ್ಪದವರೆಗೆ ರೈತರನ್ನ ಸಾಲಾಗಿ ನಿಲ್ಲಿಸಿ, ಕೈಯಿಂದ ಕೈಗೆ ಒಂದು ಕೋಲು ದಾಟಿಸಿ ಅಂದ್ರೆ ನಿಯಮದ ಪ್ರಕಾರ ಅದು ಆರೇ ಸೆಕೆಂಡಿನಲ್ಲಿ ಸಿರುಗುಪ್ಪ ಮುಟ್ಟಬೇಕು! ಹಾಗಾದ್ರೆ ಕೊನೆಯವನ ಕೈಯಿಂದ ಅದು ಫಿರಂಗಿ ಗುಂಡಿಗಿಂತ ವೇಗವಾಗಿ ಹಾರಬೇಕಲ್ವಾ ಅನ್ನೋದು ತರ್ಲೆ ಆಟಗಾರರ ವಾದ. ಆಟದ ನಿಯಮ ಭೌತಶಾಸ್ತ್ರ ಅಲ್ಲ ಅಂತ 2024ರ ಡಂಜನ್ ಮಾಸ್ಟರ್ ಪುಸ್ತಕದಲ್ಲಿ ಬರೆಯಬೇಕಾಯ್ತು.

ಇದು ನಗೆಯ ಮಾತಾಯ್ತು. ನಗೋಕಾಗದ ಉದಾಹರಣೆ ನಮ್ಮಲ್ಲೇ ಇದೆ, ಹಸ್ತಿನಾವತಿಯ ಸಭೆ.

ವ್ಯಾಸಭಾರತದ ಸಭಾಪರ್ವವನ್ನ ಒಮ್ಮೆ ಆಟದ ನಿಯಮದ ಕಣ್ಣಿಂದ ಓದಿ. ಪಣ ಇಡೋನು ದುರ್ಯೋಧನ, ದಾಳ ಹಾಕೋನು ಶಕುನಿ. ಒಬ್ಬನ ಪರವಾಗಿ ಇನ್ನೊಬ್ಬ ಆಡೋದು ಸರಿಯಲ್ಲ ಅಂತ ಧರ್ಮರಾಯ ಆಟಕ್ಕೆ ಮುಂಚೆ ಕೇಳ್ತಾನೆ. ಸರಿಯಾದ ಪ್ರಶ್ನೆ, ಸರಿಯಾದ ಹೊತ್ತಲ್ಲಿ. ಆದರೆ ಉತ್ತರ ಪಡೆಯೋ ತನಕ ಹಟ ಹಿಡಿಯಲ್ಲ, ಹಾಗೇ ಆಡೋಕೆ ಕೂತುಬಿಡ್ತಾನೆ. ಅಲ್ಲಿದ್ದ ಹಿರಿಯರೂ ಸುಮ್ಮನಿದ್ದರು.

ಎಲ್ಲಾ ಮುಗಿದ ಮೇಲೆ ದ್ರೌಪದಿ ಕೇಳಿದಳು, ಮೊದಲು ಸೋತಿದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತವನಿಗೆ ಇನ್ನೊಬ್ಬರನ್ನ ಪಣ ಇಡೋ ಅಧಿಕಾರ ಎಲ್ಲಿಂದ ಬಂತು? ಅಪ್ಪಟ ನಿಯಮದ ಪ್ರಶ್ನೆ. ಧರ್ಮ ಸೂಕ್ಷ್ಮ, ನನಗೆ ನಿರ್ಧರಿಸೋಕಾಗಲ್ಲ ಅಂದುಬಿಟ್ಟ ಭೀಷ್ಮ. ನೇರವಾಗಿ, ಕಾರಣ ಕೊಟ್ಟು, ಆಕೆ ಸೋತಿಲ್ಲ ಅಂದವನು ಕೌರವರಲ್ಲೇ ಒಬ್ಬನಾದ ವಿಕರ್ಣ. ಅವನ ಬಾಯಿ ಮುಚ್ಚಿಸಿದ್ದು ಕರ್ಣ. ವಿಕರ್ಣನ ಕಾರಣಗಳಲ್ಲಿ ಒಂದು, ದ್ರೌಪದಿ ಐವರಿಗೂ ಹೆಂಡತಿ ಅನ್ನೋದು. ನಮ್ಮ ಪಂಪನಲ್ಲಿ ಆಕೆ ಅರ್ಜುನನೊಬ್ಬನ ಹೆಂಡತಿ, ಅಲ್ಲಿ ಆ ಕಾರಣವೇ ನಿಲ್ಲಲ್ಲ. ತಮ್ಮನ ಹೆಂಡತಿಯನ್ನ ಅಣ್ಣ ಪಣ ಇಡೋದು ಹೇಗೆ ಅನ್ನೋ ಇನ್ನೂ ಕಠಿಣ ಪ್ರಶ್ನೆ ಎದುರು ನಿಲ್ಲುತ್ತೆ.

ಅದೇ ಸಭೆಯಲ್ಲಿ ವಿದುರ ಒಂದು ಮಾತು ಹೇಳ್ತಾನೆ. ಧರ್ಮ ಗೊತ್ತಿದ್ದೂ ಸಭೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊಡದವನಿಗೆ ಸುಳ್ಳು ಹೇಳಿದ ಪಾಪದಲ್ಲಿ ಅರ್ಧ ಪಾಲು ಅಂತ. ನಿಯಮ ಹೇಳೋ ಜಾಗದಲ್ಲಿ ಕೂತವರೆಲ್ಲ ಇದನ್ನ ನೆನಪಿಟ್ಟುಕೊಳ್ಳಬೇಕು. ತಪ್ಪು ತೀರ್ಪನ್ನ ಮುಂದಿನ ಆಟಕ್ಕೆ ತಿದ್ದಬಹುದು. ಮೌನವನ್ನ ಹೇಗೆ ತಿದ್ದೋದು? ಅದು ಯಾವಾಗಲೂ ಗೆದ್ದವನ ಕಡೆಗೇ ವಾಲುತ್ತೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟು. ಕೇಳೋದಿದ್ದರೆ ಗರ ಬೀಳೋಕೆ ಮುಂಚೆ ಕೇಳಬೇಕು, ಯಾಕಂದ್ರೆ ಆಗ ಯಾವ ಉತ್ತರದಿಂದ ಯಾರಿಗೆ ಲಾಭ ಅಂತ ಯಾರಿಗೂ ಗೊತ್ತಿರಲ್ಲ. ಗರ ಬಿದ್ದ ಮೇಲೆ ಎಲ್ಲರೂ ವಕೀಲರೇ. ನಡುವೆ ತೊಡಕು ಬಂದರೆ ಹಿರಿಯರೊಬ್ಬರು ಕಾರಣ ಹೇಳಿ ಬೇಗ ತೀರ್ಪು ಕೊಡಲಿ, ಆಟ ಮುಂದುವರಿಯಲಿ, ವಾದ ಏನಿದ್ದರೂ ಆಟ ಮುಗಿದ ಮೇಲೆ. ಆ ತೀರ್ಪು ಕೊಟ್ಟವರಿಗೂ ಅನ್ವಯ ಆಗಬೇಕು. ಡಂಜನ್ ಮಾಸ್ಟರ್ ನನ್ನ ಮಾಂತ್ರಿಕನಿಗೆ ಆಗಲ್ಲ ಅಂದದ್ದು ಅವನ ರಾಕ್ಷಸನಿಗೂ ಆಗಬಾರದು, ಅತ್ತೆ ಸೊಸೆಗೆ ಹೇಳಿದ ನಿಯಮ ಅತ್ತೆಯ ಕಾಯಿಗೂ ಇರಬೇಕು :)

ಆಟಕ್ಕೆ ಇಷ್ಟೆಲ್ಲಾ ತಲೆಬಿಸಿ ಯಾಕಪ್ಪಾ ಅನ್ನಬಹುದು. ಈಗ ಮೊಬೈಲಿನಲ್ಲಿ ಲೂಡೋ ಇದೆಯಲ್ಲ, ಅಲ್ಲಿ ಜಗಳವೇ ಇಲ್ಲ. ನಿಜ. ನಡೆಸಬಾರದ ಕಾಯಿ ಅಲ್ಲಿ ನಡೆಯೋದೇ ಇಲ್ಲ, ಯಾಕೆ ಅಂತ ಯಾರೂ ಕೇಳಲ್ಲ. ನನಗೆ ಬೇಜಾರು ಇರೋದು ಅಲ್ಲೇ. ಎಂಟು ವರ್ಷದ ಹುಡುಗಿ ಕಟ್ಟೆ ಮೇಲೆ ಕೂತು "ಯಜ್ಜಾ, ಆಗ್ಲೇ ನೀ ಹಂಗ ಅಂದಿಲ್ಲ, ಈಗ್ಯಾಕ ಹಿಂಗಂತಿ?" ಅಂತ ಕೇಳೋದು ಆಕೆ ಕಲಿಯೋ ಮೊದಲ ನ್ಯಾಯ. ದೊಡ್ಡವರಿಗೆ ಕಾರಣ ಕೇಳಬಹುದು ಅಂತ ಆಕೆಗೆ ಗೊತ್ತಾಗೋದು ಅಲ್ಲಿ. ಮುಂದೆ ಪಂಚಾಯ್ತಿಯಲ್ಲೋ ಆಫೀಸಿನಲ್ಲೋ ಅದೇ ಪ್ರಶ್ನೆ ಕೇಳೋಕೆ ಗಂಟಲು ಅಲ್ಲೇ ತಯಾರಾಗೋದು.

ಬರೆದಿಟ್ಟರೆ ಆಟ ಗಟ್ಟಿಯಾಗಿ ಹೆಪ್ಪುಗಟ್ಟುತ್ತೆ, ಮನೆಮನೆಯ ವೈವಿಧ್ಯ ಹೋಗುತ್ತೆ ಅನ್ನೋದು ಇನ್ನೊಂದು ಆಕ್ಷೇಪ. ಇದರಲ್ಲಿ ಹುರುಳಿದೆ. ಅದಕ್ಕೇ ನಾನು ಒಂದೇ 'ಅಧಿಕೃತ' ಚೌಕಾಬಾರ ಕೇಳ್ತಿಲ್ಲ. ಊರ ಹೆಸರು ಹಾಕಿ ಊರಿನ ನಿಯಮ ಬರೀರಿ ಅಂತಿದ್ದೀನಿ. ಮುಮ್ಮಡಿ ಕೃಷ್ಣರಾಜ ಒಡೆಯರು ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಅಂತ ಒಂದು ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ಮೈಸೂರಿನ ರಾಮ್‌ಸನ್ಸ್ ಕಲಾ ಪ್ರತಿಷ್ಠಾನ 'ಕ್ರೀಡಾ ಕೌಶಲ್ಯ' ಪ್ರದರ್ಶನಗಳ ಮೂಲಕ ಹಳೇ ಆಟದ ಮನೆಗಳಿಗೆ ಮತ್ತೆ ಜೀವ ಕೊಟ್ಟಿದೆ. ಅರಮನೆಯದು ದಾಖಲಾಗಿದೆ. ನಮ್ಮ ಕಟ್ಟೆಯದು ಯಾರು ದಾಖಲಿಸ್ತಾರೆ? ನಾವೇ.

ಆದ್ದರಿಂದ ಬ್ಲಾಗಿಗ ಗೆಳೆಯರೇ, ಒಂದು ಸಣ್ಣ ಕೆಲಸ. ಮನೆಯ ಹಿರಿಯರನ್ನ ಕೂರಿಸಿಕೊಂಡು ಐದು ಪ್ರಶ್ನೆ ಕೇಳಿ. ಎಷ್ಟು ಹೊಡೆದರೆ ಒಳಸುತ್ತು? ಸಾಲಾಗಿ ಮೂರು ಚೌಕ ಬಿದ್ದರೆ ಏನು? ಜೋಡಿಯನ್ನ ದಾಟಬಹುದಾ? ಹಣ್ಣಾಗೋಕೆ ಲೆಕ್ಕ ಸರಿಯಾಗೇ ಬೀಳಬೇಕಾ? ಹುಲಿ-ಕುರಿ ಆಟದಲ್ಲಿ ಎಲ್ಲಾ ಕುರಿ ಇಳಿಸೋ ಮುಂಚೆ ಹುಲಿ ಹಾರಬಹುದಾ? ಉತ್ತರ ಬರೆದು ಕೆಳಗೆ ಊರ ಹೆಸರು, ತಾಲೂಕು ಹಾಕಿ ನಿಮ್ಮ ಬ್ಲಾಗಿನಲ್ಲಿ ಹಾಕಿ. ಅಜ್ಜಿ ಒಂದು ಹೇಳಿ ಅಜ್ಜ ಇನ್ನೊಂದು ಹೇಳಿದರೆ ಎರಡನ್ನೂ ಬರೀರಿ.

ನಮ್ಮ ಕಡೆಯದು ಮುಂದಿನ ವಾರ ಹಾಕ್ತೀನಿ. ಜೋಡಿ ಕಾಯಿ ವಿಷಯದಲ್ಲಿ ಮನೆಯಲ್ಲಿ ಇನ್ನೂ ತೀರ್ಮಾನ ಆಗಿಲ್ಲ :)