ಬೇಲಿಯ ಹೊರಗೆ ಉಳಿದ ಸ್ವಾವಲಂಬನೆ

2025ರ ಮೇ 28ರಂದು ಕೇಂದ್ರ ಸಚಿವ ಸಂಪುಟ ಶೇಂಗಾದ ಬೆಂಬಲ ಬೆಲೆಯನ್ನು ಕ್ವಿಂಟಲಿಗೆ 480 ರೂಪಾಯಿ ಏರಿಸಿ 7,263 ರೂಪಾಯಿಗೆ ನಿಗದಿ ಮಾಡಿತು. ಎರಡೇ ದಿನ ಕಳೆದು ಮೇ 30ರಂದು ಅದೇ ಸರ್ಕಾರ ಕಚ್ಚಾ ತಾಳೆ, ಸೋಯಾ ಮತ್ತು ಸೂರ್ಯಕಾಂತಿ ಎಣ್ಣೆಗಳ ಮೂಲ ಆಮದು ಸುಂಕವನ್ನು ಶೇ 20ರಿಂದ ಶೇ 10ಕ್ಕೆ ಇಳಿಸಿತು. ಶೇಂಗಾ ಬೆಳೆಯುವ ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳಲ್ಲಿ ಅದು ಮುಂಗಾರು ಬಿತ್ತನೆಗೆ ಹೊಲ ಹಸನು ಮಾಡುವ ಕಾಲ. ರೈತ ಬೀಜ ಕೊಳ್ಳುವ ಮೊದಲೇ ಅವನ ಬೆಳೆಯ ಬೆನ್ನೆಲುಬನ್ನು ದೆಹಲಿಯ ಒಂದು ಅಧಿಸೂಚನೆ ಮುರಿಯಿತು. ಬೆಂಬಲ ಬೆಲೆಯ ಘೋಷಣೆಗೆ ಇದಕ್ಕಿಂತ ದೊಡ್ಡ ಅವಮಾನ ಬೇರೆ ಬೇಕಿಲ್ಲ.

ನಾವು ಹೀಗೆ ಆಮದಿಗೆ ದಾರಿ ಸುಲಭ ಮಾಡುತ್ತಿರುವಾಗ ಯುರೋಪಿನ ದೇಶಗಳು ಇಂದು ವ್ಯಾಪಾರ, ಇಂಧನ, ತಂತ್ರಜ್ಞಾನಗಳಲ್ಲಿ ಪರರ ಹಂಗು ಬೇಡವೆನ್ನುತ್ತಿವೆ. ಉಕ್ರೇನ್ ಯುದ್ಧಕ್ಕೆ ಮುಂಚೆ ಅವು ಆಮದು ಮಾಡಿಕೊಳ್ಳುತ್ತಿದ್ದ ಅನಿಲದಲ್ಲಿ ಸುಮಾರು ಶೇ 40 ಭಾಗ ರಷ್ಯಾದಿಂದ ಬರುತ್ತಿತ್ತು. 2022ರ ಫೆಬ್ರುವರಿಯ ನಂತರ ಆ ಅಗ್ಗದ ಅನಿಲದ ನಿಜವಾದ ಬೆಲೆ ಅವಕ್ಕೆ ತಿಳಿಯಿತು. ನಮಗೆ ಆ ಪಾಠ ಅಡುಗೆಮನೆಗೇ ಬಂದಿತ್ತು. 2022ರ ಏಪ್ರಿಲ್ 28ರಂದು ಇಂಡೋನೇಷ್ಯಾ ತಾಳೆ ಎಣ್ಣೆಯ ರಫ್ತು ನಿಲ್ಲಿಸಿತು. ಉಕ್ರೇನಿನ ಸೂರ್ಯಕಾಂತಿ ಎಣ್ಣೆ ಬಂದರಿನಲ್ಲೇ ಸಿಕ್ಕಿಕೊಂಡಿತ್ತು. ಮೂರೂವರೆ ವಾರಕ್ಕೆ ನಿಷೇಧ ತೆರವಾಯಿತು, ನಮ್ಮ ಸರ್ಕಾರದ ನೆನಪೂ ಅದರೊಂದಿಗೇ ಹೋಯಿತು.

ಈ ಪರಾವಲಂಬನೆ ದೈವ ತಂದದ್ದಲ್ಲ. 1986ರಲ್ಲಿ ರಾಜೀವ್ ಗಾಂಧಿ ಸರ್ಕಾರ ಎಣ್ಣೆಕಾಳು ತಾಂತ್ರಿಕ ಮಿಷನ್ ಆರಂಭಿಸಿದ ಮೇಲೆ ದೇಶದ ಎಣ್ಣೆಕಾಳು ಉತ್ಪಾದನೆ ಹತ್ತೇ ವರ್ಷದಲ್ಲಿ ಹೆಚ್ಚುಕಡಿಮೆ ಎರಡು ಪಟ್ಟಾಯಿತು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಭಾರತ ತನ್ನ ಎಣ್ಣೆಯನ್ನು ಬಹುತೇಕ ತಾನೇ ಹಿಂಡಿಕೊಳ್ಳುತ್ತಿತ್ತು. ಚಳ್ಳಕೆರೆಯನ್ನು ಎಣ್ಣೆ ನಗರಿ ಎಂದು, ವ್ಯಾಪಾರದಲ್ಲಿ ಎರಡನೇ ಮುಂಬೈ ಎಂದು ಜನ ಕರೆದದ್ದು ಸುಮ್ಮನೆ ಅಲ್ಲ. 1994ರಲ್ಲಿ ತಾಳೆ ಎಣ್ಣೆಗೆ ಬಾಗಿಲು ತೆರೆದಾಗ ಸುಂಕ ಶೇ 65 ಇತ್ತು. 1998ರ ಹೊತ್ತಿಗೆ ಅದನ್ನು ಶೇ 15ಕ್ಕೆ ತಂದರು. 2008ರಲ್ಲಿ ಕಚ್ಚಾ ಎಣ್ಣೆಗೆ ಸುಂಕವೇ ಇಲ್ಲವಾಯಿತು. ಇಂದು ದೇಶಕ್ಕೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕೂ ಹೆಚ್ಚು ಹಡಗಿನಲ್ಲಿ ಬರುತ್ತದೆ. ಚಳ್ಳಕೆರೆಯ ಎಷ್ಟೋ ಮಿಲ್ಲುಗಳಿಗೆ ಬೀಗ ಬಿದ್ದಿದೆ. ಪಕ್ಷ ಯಾವುದೇ ಇರಲಿ, ದೆಹಲಿಯಲ್ಲಿ ಕೂತ ಎಲ್ಲ ಸರ್ಕಾರಗಳ ಕೈಯೂ ಇದರಲ್ಲಿದೆ.

ಎಪಿಎಂಸಿ ಅಂಗಳದಲ್ಲಿ ಶೇಂಗಾ ರಾಶಿಗೆ ಕೈ ಹಾಕಿದ ಖರೀದಿದಾರ ಮೊದಲು ಒಂದು ಹಿಡಿ ಕಾಯಿ ಎತ್ತಿ ಕಿವಿಯ ಬಳಿ ಅಲ್ಲಾಡಿಸುತ್ತಾನೆ. ಗಲಗಲ ಎಂದರೆ ಒಣಗಿದೆ ಎಂದು ಲೆಕ್ಕ. ಸುಲಿದು, ಬೀಜ ತೂಗಿ, ಜೊಳ್ಳು ಎಷ್ಟು, ಕಾಳು ಎಷ್ಟು ಎಂದು ನೋಡಿ ದರ ಕೂಗುತ್ತಾನೆ. ಅಷ್ಟೆಲ್ಲ ಪರೀಕ್ಷೆಗೆ ಒಡ್ಡಿಕೊಂಡ ಕಾಯಿಗೆ ಕೊನೆಗೆ ಬೆಲೆ ಕಟ್ಟುವುದು ಅದರ ಗುಣ ಮಾತ್ರವಲ್ಲ, ಮಲೇಷ್ಯಾದಲ್ಲಿ ಆ ದಿನ ತಾಳೆ ಎಣ್ಣೆಗೆ ಇದ್ದ ದರವೂ ಹೌದು. ಅಗ್ಗದ ಎಣ್ಣೆ ಬೆರಕೆಯಾಗಿ ಡಬ್ಬಿಯಲ್ಲಿ ಸಿಗುವಾಗ ಮಿಲ್ಲಿನವನು ಶೇಂಗಾಕ್ಕೆ ಹೆಚ್ಚು ಕೊಡುವ ಧೈರ್ಯ ಮಾಡಲಾರ.

ಸುಂಕ ಇಳಿಸದಿದ್ದರೆ ಬಡವರ ಒಗ್ಗರಣೆಗೆ ಎಣ್ಣೆ ದುಬಾರಿಯಾಗುತ್ತದೆ ಎಂಬ ವಾದವಿದೆ. ಬಡವರ ಕಷ್ಟ ನಿಜ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅವರ ಹೆಸರಿನಲ್ಲಿ ಇನ್ನೊಬ್ಬ ಬಡವನ ಹೊಲವನ್ನು ಹರಾಜಿಗಿಡುವುದು ನ್ಯಾಯವಲ್ಲ. ಈ ಎರಡು ತಾಲ್ಲೂಕುಗಳಲ್ಲಿ ಶೇಂಗಾ ಬಿತ್ತುವವನೂ ಅಂಗಡಿಯಲ್ಲಿ ಎಣ್ಣೆ ಕೊಳ್ಳುವವನೂ ಬಹುಪಾಲು ಒಬ್ಬನೇ. ಬಡವರಿಗೆ ಅಗ್ಗದ ಎಣ್ಣೆ ಕೊಡಬೇಕಿದ್ದರೆ ನ್ಯಾಯಬೆಲೆ ಅಂಗಡಿಯಿದೆ. ಹಿಂದೆ ರಾಜ್ಯ ಸರ್ಕಾರ ಆ ಅಂಗಡಿಗಳಲ್ಲಿ ಹಂಚಿದ್ದು ತಾಳೆ ಎಣ್ಣೆಯನ್ನು. ಚಳ್ಳಕೆರೆಯ ಎಣ್ಣೆಗೆ ಆ ಜಾಗ ಸಿಗಲಿಲ್ಲವೆಂಬುದು ಬೆಂಗಳೂರು ತಲೆ ತಗ್ಗಿಸಬೇಕಾದ ಮಾತು.

ಮೊಳಕಾಲ್ಮುರಿನ ರೇಷ್ಮೆಯ ಕತೆಯೂ ಬೇರೆಯಲ್ಲ. 2011ರ ಬಜೆಟ್ಟಿನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ 30ರಿಂದ ಒಮ್ಮೆಗೇ ಶೇ 5ಕ್ಕೆ ಇಳಿಯಿತು. ಚೀನಾದ ನೂಲು ನುಗ್ಗಿತು, ಗೂಡಿನ ದರ ಕುಸಿಯಿತು, ಹಿಪ್ಪುನೇರಳೆ ತೋಟ ಕಿತ್ತುಹಾಕಿದ ರೈತರಿದ್ದರು. 2013ರಲ್ಲಿ ಸುಂಕವನ್ನು ಶೇ 15ಕ್ಕೆ ಏರಿಸಿದ್ದು ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯಿತು. ನೇಕಾರನಿಗಾದರೂ ಅಗ್ಗದ ನೂಲು ಒದಗಿತಲ್ಲ ಎನ್ನುವವರು ಒಮ್ಮೆ ಮಗ್ಗದ ಮುಂದೆ ಕೂರಲಿ. ಒಡಲಿಗೊಂದು ಬಣ್ಣ, ಎರಡೂ ಅಂಚಿಗೆ ಇನ್ನೊಂದು ಬಣ್ಣ ಬರಬೇಕಾದರೆ ಮೂರು ಲಾಳಿ ಓಡಬೇಕು, ನೇಯುವವರ ಜೊತೆಗೆ ಇನ್ನೊಬ್ಬರ ಕೈಯೂ ಬೇಕು. ಮಜೂರಿ ಬರುವುದು ಸೀರೆ ಇಳಿದ ಮೇಲೆ. ಆ ಸೀರೆಯ ನಕಲನ್ನು ವಿದ್ಯುತ್ ಮಗ್ಗ ಎಷ್ಟೋ ಪಟ್ಟು ಬೇಗ ಹೊರಹಾಕಿ ಕಡಿಮೆ ದರಕ್ಕೆ ಮಾರುತ್ತದೆ. ಕೈಮಗ್ಗಕ್ಕೆ ಕೆಲವು ಉತ್ಪನ್ನಗಳನ್ನು ಮೀಸಲಿಟ್ಟ 1985ರ ಕಾಯ್ದೆ ಇನ್ನೂ ಜೀವಂತವಿದೆ. ಅದನ್ನು ಜಾರಿ ಮಾಡುವ ಮನಸ್ಸು ಸತ್ತಿದೆ. ಮೊಳಕಾಲ್ಮುರು ಸೀರೆಗೆ ಭೌಗೋಳಿಕ ಗುರುತು ಕೊಟ್ಟು ಕೈ ತೊಳೆದುಕೊಂಡರೆ ಮಗ್ಗ ಉಳಿಯುವುದಿಲ್ಲ.

ಸ್ವಾವಲಂಬನೆಗೆ ಬೆಲೆ ತೆರುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ಇದೇ ಚಳ್ಳಕೆರೆ ತಾಲ್ಲೂಕಿನ ಅಮೃತ ಮಹಲ್ ಕಾವಲಿನಲ್ಲಿ, ಅಂದರೆ ಹಿಂಡುಗಳು ಮೇಯುತ್ತಿದ್ದ ಹುಲ್ಲುಗಾವಲಿನಲ್ಲಿ, ಡಿಆರ್‌ಡಿಒಗೆ 4,290 ಎಕರೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,810 ಎಕರೆ, ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಇಸ್ರೋಗೆ 573 ಎಕರೆ ಕೊಟ್ಟರು. ಸೌರ ವಿದ್ಯುತ್ತಿಗೂ ನೆಲ ಹೋಯಿತು. 2023ರ ಏಪ್ರಿಲ್ 2ರಂದು ಇಸ್ರೋದ ಮರುಬಳಕೆಯ ಉಡಾವಣಾ ವಾಹನ ಇಲ್ಲಿನ ರನ್‌ವೇಯಲ್ಲಿ ತಾನೇ ತಾನಾಗಿ ಇಳಿಯಿತು. ನಾಡಿಗೆ ಹೆಮ್ಮೆಯ ಸಂಗತಿ, ನಮಗೂ ಹೆಮ್ಮೆಯೇ. ಅಂಥ ತಂತ್ರಜ್ಞಾನವನ್ನು ಯಾರೂ ನಮಗೆ ಮಾರುವುದಿಲ್ಲ. ಮಾರಿದರೂ ಕೊಳ್ಳಬಾರದು ಎಂಬ ನಿಲುವು ಸರಿಯಾದದ್ದು. ಅದೇ ನಿಲುವು ಎಣ್ಣೆಗೂ ನೂಲಿಗೂ ಏಕಿಲ್ಲ?

ಈ ಸಂಸ್ಥೆಗಳು ಹಾಕಿದ ಗೋಡೆ ಬೇಲಿಗಳ ಹೊರಗೆ ನಿಂತವರು ಕುರಿಗಾಹಿಗಳು. ತಲೆಮಾರುಗಳಿಂದ ಹಿಂಡು ಮೇಯಿಸಿದ ಹುಲ್ಲುಗಾವಲಿಗೆ ಅವರಿಗೆ ದಾರಿಯೇ ಕಟ್ಟಾಯಿತು. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಬರುತ್ತಿದ್ದದ್ದು ಆ ಹಿಂಡುಗಳಿಂದಲೇ. ಗ್ರಾಮಸಭೆಗಳ ಮಾತು ಕೇಳದೆ ಕಾವಲು ಹಂಚಿದ್ದು ತಪ್ಪು. ದೇಶದ ರಕ್ಷಣೆಯ ಹೆಸರು ಆ ತಪ್ಪನ್ನು ತೊಳೆಯುವುದಿಲ್ಲ. ಇನ್ನೂ ಬೇಸರದ ಸಂಗತಿಯೆಂದರೆ, ಇಷ್ಟು ವಿಜ್ಞಾನ ನೆರೆಗೆ ಬಂದು ಕೂತರೂ ಸುತ್ತಲ ಹೊಲಗಳಲ್ಲಿ 1940ರಲ್ಲಿ ಬಿಡುಗಡೆಯಾದ ಟಿಎಂವಿ-2 ಶೇಂಗಾ ತಳಿ ಇಂದಿಗೂ ಬಿತ್ತನೆಯಲ್ಲಿದೆ.

ತೀರ್ಪು ಸ್ಪಷ್ಟವಿದೆ. ಆತ್ಮನಿರ್ಭರತೆಯ ಮಾತಾಡುವ ಕೇಂದ್ರ ಸರ್ಕಾರ ಎಣ್ಣೆ ಮತ್ತು ರೇಷ್ಮೆಯ ವಿಷಯದಲ್ಲಿ ಆ ಮಾತನ್ನು ತಾನೇ ಮುರಿದಿದೆ. ರಾಜ್ಯ ಸರ್ಕಾರ ನೋಡುತ್ತಾ ಕೂತಿದೆ. ಆಮದು ಎಣ್ಣೆ ಬೆಂಬಲ ಬೆಲೆಯನ್ನು ಕೆಡಿಸದಂತೆ ಸುಂಕದ ಕನಿಷ್ಠ ಮಟ್ಟವನ್ನು ಕಾನೂನಿನಲ್ಲಿ ಬರೆಯಬೇಕು. ಬಿತ್ತನೆಯಿಂದ ಸಂಕ್ರಾಂತಿಯವರೆಗೆ ಅದನ್ನು ಯಾವ ಸಚಿವಾಲಯವೂ ಮುಟ್ಟುವಂತಿರಬಾರದು. ಪಡಿತರದ ಎಣ್ಣೆಯನ್ನು ರಾಜ್ಯ ಸರ್ಕಾರ ಚಳ್ಳಕೆರೆಯ ಮಿಲ್ಲುಗಳಿಂದಲೇ ಕೊಳ್ಳಬೇಕು. ರಾಜ್ಯದ ರೇಷ್ಮೆ ನೂಲನ್ನು ಮೊಳಕಾಲ್ಮುರಿನ ನೇಕಾರರಿಗೆ ನಿಗದಿತ ದರದಲ್ಲಿ, ಸಾಲದ ಮೇಲೆ ಒದಗಿಸಬೇಕು. ಕಾವಲಿನಲ್ಲಿ ಕಟ್ಟಡವೇಳದೆ ಉಳಿದ ನೆಲಕ್ಕೆ ಕುರಿ, ದನಗಳನ್ನು ಬಿಡಲು ಸಂಸ್ಥೆಗಳು ಗೇಟು ತೆರೆಯಬೇಕು. ಮುಂದಿನ ಮುಂಗಾರಿಗೆ ಮೊದಲು ಇಷ್ಟೂ ಆಗಬೇಕು.